ಕಪ್ಪು-ಕಿತ್ತಳೆ ನೊಣಹಿಡುಕ, ನೀಲಗಿರಿ ನೊಣಹಿಡುಕ: ಅಪಾಯ ಯಾವುದಕ್ಕೆ ಜಾಸ್ತಿ?

ಕಾಫಿಗಿಡ
ಎಲ್ಲರಿಗೂ ನಮಸ್ಕಾರ. ಇತ್ತೀಚೆಗೆ ನೀಲಗಿರಿಯ ಕೋಟಗಿರಿ ಹತ್ತಿರದ ಲಾಂಗ್‌ವುಡ್ ಶೋಲಾಗೆ (ಶೋಲಾ ಅಂದರೆ ಎತ್ತರದ ಬೆಟ್ಟದ ಕಣಿವೆಗಳ ತೇವದ ಕಾಡು) ಹೋಗಿದ್ದೆ. ಕಪ್ಪು-ಕಿತ್ತಳೆ ನೊಣಹಿಡುಕ, ನೀಲಗಿರಿ ನೊಣಹಿಡುಕ (ನೊಣಹಿಡುಕ ಅಂದರೆ ಇಂಗ್ಲಿಷಿನ ಫ್ಲೈಕ್ಯಾಚರ್) ಎರಡೂ ಸಿಕ್ಕವು. ಎರಡೂ ನಮ್ಮ ಪಶ್ಚಿಮಘಟ್ಟ ಮತ್ತು ಅದಕ್ಕೆ ಹೊಂದಿಕೊಂಡ ಬೆಟ್ಟಗಳಲ್ಲಿ ಮಾತ್ರ ಇರುವ ಹಕ್ಕಿಗಳು.

ವಿಷಯ ಏನಂದ್ರೆ, ನನ್ನ ಹಳೆಯ ಫೀಲ್ಡ್ ಗೈಡ್‌ನಲ್ಲಿ ಎರಡರ ಮುಂದೆಯೂ 'ನಿಯರ್ ಥ್ರೆಟನ್ಡ್' (ಅಪಾಯದ ಹತ್ತಿರ) ಅಂತಿದೆ. ಈಗ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪುಪಟ್ಟಿ ನೋಡಿದರೆ ಎರಡೂ 'ಲೀಸ್ಟ್ ಕನ್ಸರ್ನ್' (ಸದ್ಯಕ್ಕೆ ಚಿಂತೆ ಕಡಿಮೆ). ಹಾಗಾದರೆ ಪರಿಸ್ಥಿತಿ ಸುಧಾರಿಸಿದೆ ಅಂತ ಅರ್ಥವಾ? ನನಗಂತೂ ನಂಬಿಕೆ ಬರ್ತಿಲ್ಲ. ಬೆಟ್ಟದಲ್ಲಿ ಎಲ್ಲಿ ನೋಡಿದರೂ ರೆಸಾರ್ಟು, ಟೀ, ವ್ಯಾಟಲ್ (ಹೊರಗಿನಿಂದ ತಂದು ನೆಟ್ಟ ಅಕೇಶಿಯಾ ಜಾತಿಯ ಮರ). ಎರಡರಲ್ಲಿ ಯಾವುದಕ್ಕೆ ಹೆಚ್ಚು ತೊಂದರೆ ಅಂತ ನಿಮಗೆ ಅನಿಸುತ್ತದೆ? ಕರ್ನಾಟಕದ ಕಡೆ ಇವನ್ನು ಎಲ್ಲಿ ನೋಡಿದ್ದೀರಿ ಅಂತಲೂ ಹೇಳಿ.

ಲೆಕ್ಕದ_ಮೇಷ್ಟ್ರು
ಪಟ್ಟಿ ಏನು ಕೇಳುತ್ತೆ ಅಂತ ಮೊದಲು ನೋಡೋಣ. ಒಂದು ಜೀವಿಯನ್ನು 'ವಲ್ನರಬಲ್' (ಅಳಿವಿನ ಅಪಾಯ ಇರುವಂಥದ್ದು) ಅನ್ನಬೇಕಾದರೆ ಐಯುಸಿಎನ್‌ಗೆ ಗೊತ್ತಾದ ಮಿತಿಗಳಿವೆ. ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ದೊಡ್ಡದೋ ಅಷ್ಟರಲ್ಲಿ ಸಂಖ್ಯೆ ಕನಿಷ್ಠ 30% ಕುಸಿದಿರಬೇಕು. ಇಲ್ಲವೇ ಹಬ್ಬಿರುವ ಪ್ರದೇಶ 20,000 ಚದರ ಕಿ.ಮೀ.ಗಿಂತ ಕಡಿಮೆ ಇದ್ದು, ಜೊತೆಗೆ ತುಂಡುತುಂಡಾಗಿ ಕುಗ್ಗುತ್ತಿರಬೇಕು. ಇಲ್ಲವೇ ಬೆಳೆದ ಹಕ್ಕಿಗಳು 10,000ಕ್ಕಿಂತ ಕಡಿಮೆ ಇದ್ದು, ಇಳಿಕೆಯೂ ಕಾಣಿಸುತ್ತಿರಬೇಕು. ಈ ಮಿತಿಗಳ ಹತ್ತಿರ ಬಂದರೆ 'ನಿಯರ್ ಥ್ರೆಟನ್ಡ್'. ಹತ್ತಿರ ಇಲ್ಲದಿದ್ದರೆ 'ಲೀಸ್ಟ್ ಕನ್ಸರ್ನ್'.

ಅಷ್ಟೇ. ಹಕ್ಕಿ ಚೆನ್ನಾಗಿದೆ, ಕಾಡು ಚೆನ್ನಾಗಿದೆ ಅಂತ ಆ ಪಟ್ಟಿ ಎಲ್ಲೂ ಹೇಳುವುದಿಲ್ಲ. ಇಡೀ ಜಗತ್ತಿನ ಮಟ್ಟದಲ್ಲಿ ಆ ಜಾತಿ ಅಳಿದುಹೋಗುವ ಸಾಧ್ಯತೆ ಎಷ್ಟು ಅನ್ನುವುದಷ್ಟೇ ಅದರ ಪ್ರಶ್ನೆ.

ಕ್ಯಾಮೆರಾ_ಕಣ್ಣು
ಎರಡೂ ಊಟಿಯಲ್ಲಿ ಬೇಕಾದಷ್ಟಿವೆ. ಸುಮ್ನೆ ಗಾಬರಿ ಯಾಕೆ? ಒಳ್ಳೆ ಶೋಲಾ ಒಳಗೆ ಹೋಗಿ ಐದು ನಿಮಿಷ ನಿಂತರೆ ಕಪ್ಪು-ಕಿತ್ತಳೆ ಕಾಲ ಬುಡಕ್ಕೇ ಬರುತ್ತೆ.

ಹಕ್ಕಿಜಾಡು
@ಕ್ಯಾಮೆರಾ_ಕಣ್ಣು, 'ಒಳ್ಳೆ ಶೋಲಾ ಒಳಗೆ' ಅಂತ ನೀವೇ ಹೇಳಿದ್ರಲ್ಲ, ಮಾತು ಇರೋದೇ ಅಲ್ಲಿ. ಒಳ್ಳೆ ಶೋಲಾ ಎಷ್ಟು ಉಳಿದಿದೆ?

ಈ ಎರಡು ಹಕ್ಕಿಗಳ ಬದುಕುವ ರೀತಿಯೇ ಬೇರೆ. ಕಪ್ಪು-ಕಿತ್ತಳೆ ನೆಲದ ಹತ್ತಿರದ ಹಕ್ಕಿ. ತೊರೆ ಪಕ್ಕ, ಜರೀಗಿಡ, ಗುರಿಗೆ ಪೊದೆ, ಕೊಳೆತ ಎಲೆ ಇರುವ ಕತ್ತಲೆ ಜಾಗದಲ್ಲಿ ಇರುತ್ತೆ. ಒಮ್ಮೆ ಒಂದು ಗಂಡು ಬೇಟೆಯಾಡುವುದನ್ನು ತುಂಬ ಹೊತ್ತು ನೋಡುತ್ತಾ ಕೂತಿದ್ದೆ. ಮೊಣಕಾಲೆತ್ತರದ ಕಡ್ಡಿ ಮೇಲೆ ಅಲ್ಲಾಡದೆ ಕೂತಿತ್ತು. ಕೆಳಗೆ ಒಂದು ಒಣಗಿದೆಲೆ ಕದಲಿತು. ದೊಪ್ಪನೆ ಎಲೆ ಮೇಲೆ ಇಳಿದು, ಏನೋ ಹುಳ ಕಚ್ಚಿಕೊಂಡು, ಪಕ್ಕದ ಇನ್ನೊಂದು ಕಡ್ಡಿಗೆ ಹೋಯಿತು. ಮತ್ತೆ ಅದೇ ಆಟ. ತಲೆ ಎತ್ತಿ ಮೇಲಿನ ಕೊಂಬೆ ಕಡೆ ಒಂದು ಸಲವೂ ಹೋಗಲಿಲ್ಲ. ನಡುನಡುವೆ ಸಣ್ಣದಾಗಿ, ಕಿವಿಗೊಟ್ಟರೆ ಮಾತ್ರ ಕೇಳುವ 'ಚೀ-ರಿರಿರ್' ಅಂತ ಕೂಗು.

ನೀಲಗಿರಿ ನೊಣಹಿಡುಕ ಇದಕ್ಕೆ ಉಲ್ಟಾ. ಕಾಡಿನ ಅಂಚು, ಮಧ್ಯದ ಕೊಂಬೆ, ಮರದ ತುದಿ. ತುದಿಯಲ್ಲಿ ಕೂತು ಜೋರಾಗಿ ಹಾಡುತ್ತೆ. ಗಾಳಿಯಲ್ಲೇ ಹುಳ ಹಿಡಿಯುತ್ತೆ. ಬಂಗಲೆ ತೋಟದಲ್ಲೂ ಕಾಣಿಸುತ್ತೆ. ಕಾಡು ಸ್ವಲ್ಪ ಕೆಟ್ಟರೂ ಅದು ಹೇಗೋ ಸುಧಾರಿಸಿಕೊಳ್ಳುತ್ತೆ. ಕೆಳಗಿನ ಪೊದೆ ಹೋದರೆ ಕಪ್ಪು-ಕಿತ್ತಳೆ ಕಥೆ ಮುಗೀತು. ನನ್ನ ಉತ್ತರ ಕಪ್ಪು-ಕಿತ್ತಳೆ.

ಊಟಿ_ಮಂಜು
ನಾನು ಇಲ್ಲೇ ಹುಟ್ಟಿ ಬೆಳೆದವಳು, ಬಡಗರ ಹಟ್ಟಿ. @ಹಕ್ಕಿಜಾಡು ಸರ್ ಹೇಳಿದ್ದು ಅರ್ಧ ಸರಿ. ಟೀ ತೋಟದ ನಡುವೆ ಹಳ್ಳದ ಗುಂಟ ಸಣ್ಣ ಸಣ್ಣ ಶೋಲಾ ಪಟ್ಟಿ ಉಳಿದಿರುತ್ತವಲ್ಲ, ಅಲ್ಲೂ ಕಪ್ಪು-ಕಿತ್ತಳೆ ಇದೆ. ಪಟ್ಟಿ ಎಷ್ಟು ದೊಡ್ಡದು ಅನ್ನೋದಕ್ಕಿಂತ ಕೆಳಗಿನ ಗಿಡ ದಟ್ಟವಾಗಿದೆಯಾ ಅನ್ನೋದು ಮುಖ್ಯ. ನಮ್ಮ ಹಟ್ಟಿ ಕೆಳಗೆ ಅಂಥದೊಂದು ಪಟ್ಟಿ ಇತ್ತು. ಮರ ಒಂದನ್ನೂ ಕಡಿಯಲಿಲ್ಲ. ಕೆಳಗಿನ ಪೊದೆ ಸವರಿ, ತರಗೆಲೆ ಗುಡಿಸಿ 'ಕ್ಲೀನ್' ಮಾಡಿದರು, ಪ್ರವಾಸಿಗರು ಕೂರಲಿ ಅಂತ ಬೆಂಚು ಹಾಕಿದರು. ನೀಲಗಿರಿ ನೊಣಹಿಡುಕ ಈಗಲೂ ಅಲ್ಲಿದೆ. ಕಪ್ಪು-ಕಿತ್ತಳೆ ಇಲ್ಲ. ಉಪಗ್ರಹದ ಚಿತ್ರದಲ್ಲಿ ನೋಡಿದರೆ ಕಾಡು ಹಾಗೇ ಇದೆ ಅಂತ ಕಾಣುತ್ತೆ. ನನಗೆ ಅದೇ ಸಂಕಟ.

ಕಾಫಿಗಿಡ
@ಊಟಿ_ಮಂಜು ಅಕ್ಕಾ, ಇದು ನಾನು ಯೋಚಿಸದೇ ಇದ್ದ ವಿಷಯ. ಮರ ಉಳಿದು ಹಕ್ಕಿ ಹೋಗೋದು. ಥ್ಯಾಂಕ್ಸ್.

ಬೆಂಗ್ಳೂರ್_ಬರ್ಡರ್
ಒಂದು ಚಿಕ್ಕ ಡೌಟ್. ನೀಲಗಿರಿ ನೊಣಹಿಡುಕಕ್ಕೂ ಇನ್ನೊಂದು ನೀಲಿ ನೊಣಹಿಡುಕ ವರ್ಡಿಟರ್‌ಗೂ ಹೇಗೆ ವ್ಯತ್ಯಾಸ ಹಿಡಿಯೋದು? ಚಳಿಗಾಲದಲ್ಲಿ ಎರಡೂ ಒಂದೇ ಕಡೆ ಸಿಗುತ್ತವೆ ಅಂತಾರೆ.

ಹಕ್ಕಿಜಾಡು
ವರ್ಡಿಟರ್ ಹಸಿರು ಬೆರೆತ ತಿಳಿನೀಲಿ, ಬಿಸಿಲಿಗೆ ಬಂದರೆ ಹೊಳೆಯುತ್ತೆ. ಗಂಡಿಗೆ ಕಣ್ಣು ಮತ್ತು ಕೊಕ್ಕಿನ ನಡುವೆ ಎದ್ದು ಕಾಣುವ ಕಪ್ಪು ಮಚ್ಚೆ. ನಮ್ಮ ನೀಲಗಿರಿ ನೊಣಹಿಡುಕ ಮಂಕಾದ ಗಾಢ ನೀಲಿ, ಹೊಟ್ಟೆ ಕಡೆ ಬೂದು. ಬಾಲದ ಬುಡದ ಎರಡೂ ಪಕ್ಕ ಸಣ್ಣ ಬಿಳಿ ಪಟ್ಟೆ ಇದೆ. ಕೂತಾಗ ಅದು ಕಾಣೋದು ಕಷ್ಟ, ಹಾರುವಾಗ ಬಾಲ ಬಿಚ್ಚಿದರೆ ನೋಡಿ. ಹೆಣ್ಣು ಇನ್ನೂ ಬೂದು. ಇನ್ನೊಂದು, ವರ್ಡಿಟರ್ ಹಿಮಾಲಯದ ಕಡೆಯಿಂದ ಚಳಿಗೆ ಬರುವ ಅತಿಥಿ. ಮೇ ತಿಂಗಳಲ್ಲಿ ಊಟಿಯಲ್ಲಿ ನೀಲಿ ನೊಣಹಿಡುಕ ಹಾಡ್ತಾ ಕೂತಿದ್ದರೆ ಅದು ವರ್ಡಿಟರ್ ಆಗಿರೋದಿಲ್ಲ.

ನೀಲಗಿರಿ ನೊಣಹಿಡುಕದ ಹತ್ತಿರದ ನೆಂಟ ಶ್ರೀಲಂಕಾದಲ್ಲಿದೆ, ಅಲ್ಲಿನ ಡಲ್-ಬ್ಲೂ ಫ್ಲೈಕ್ಯಾಚರ್.

ಬೆಂಗ್ಳೂರ್_ಬರ್ಡರ್
ಸೂಪರ್. ಹಾಗೆ ನಮ್ಮ ಬಾಲದಂಡೆಯೂ ಇದೇ ಕುಟುಂಬ ತಾನೆ?

ಲೆಕ್ಕದ_ಮೇಷ್ಟ್ರು
ಇಲ್ಲ. ಇಂಗ್ಲಿಷಿನಲ್ಲಿ ಅದನ್ನೂ ಫ್ಲೈಕ್ಯಾಚರ್ ಅಂತಾರೆ, ಆದರೆ ಬಾಲದಂಡೆ ಮೊನಾರ್ಕ್ ಕುಟುಂಬದ್ದು. ಮಡಿವಾಳ ಹಕ್ಕಿ ನೋಡಿ, ಅದು ನಿಜವಾಗಿ ಇವುಗಳ ಕುಟುಂಬ.

ಬಿಳಿಗಿರಿ_ಸಂಪಿಗೆ
ಕರ್ನಾಟಕದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೀನಿ. ಬಿಳಿಗಿರಿರಂಗನ ಬೆಟ್ಟದ ಮೇಲ್ಭಾಗದ ಶೋಲಾಗಳಲ್ಲಿ ಎರಡೂ ಇವೆ. ಕೊಡಗಿನ ಬ್ರಹ್ಮಗಿರಿ ಕಡೆಯೂ ಇವೆ. ಆದರೆ ನೀಲಗಿರಿಯಲ್ಲಿ ಸಿಕ್ಕ ಹಾಗೆ ಇಲ್ಲಿ ಸಿಗಲ್ಲ.

ಕಾರಣ ಎತ್ತರ. ನೀಲಗಿರಿಯಲ್ಲಿ ಕಪ್ಪು-ಕಿತ್ತಳೆ ಹೆಚ್ಚಾಗಿ 1,500 ಮೀಟರ್ ಮೇಲೆ. ದೊಡ್ಡಬೆಟ್ಟ 2,637 ಮೀಟರ್. ಅಂದರೆ ಅಲ್ಲಿ ಆ ಹಕ್ಕಿಗೆ ಬೇಕಾದಷ್ಟು ಜಾಗ ಇದೆ. ನಮ್ಮ ಬಿಳಿಗಿರಿಯಲ್ಲಿ ಅತಿ ಎತ್ತರದ ಕತ್ತರಿ ಬೆಟ್ಟವೇ ಸುಮಾರು 1,800 ಮೀಟರ್. ಕೊಡಗಿನ ತಡಿಯಂಡಮೋಳ್ 1,748. ಅದೇ ಲೆಕ್ಕ ಹಿಡಿದರೆ ನಮ್ಮ ಕಡೆ ಸಿಗೋದು ಬೆಟ್ಟದ ನೆತ್ತಿಯ ಒಂದು ಪಟ್ಟಿ ಮಾತ್ರ. ಬಿಸಿಲು ಹೆಚ್ಚಾಗ್ತಾ ಹೋದರೆ ಈ ಹಕ್ಕಿಗಳು ಮೇಲೆ ಹೋಗಬೇಕು. ಮೇಲೆ ಆಕಾಶ ಬಿಟ್ಟು ಬೇರೇನಿದೆ?

ಜಗತ್ತಿನ ಲೆಕ್ಕದಲ್ಲಿ 'ಲೀಸ್ಟ್ ಕನ್ಸರ್ನ್' ಇರಬಹುದು. ಕರ್ನಾಟಕದ ಲೆಕ್ಕದಲ್ಲಿ ನನಗೆ ಬಹಳ ಚಿಂತೆ ಇದೆ.

ಲೆಕ್ಕದ_ಮೇಷ್ಟ್ರು
@ಬಿಳಿಗಿರಿ_ಸಂಪಿಗೆ, ಒಳ್ಳೆಯ ಮಾತು. ಆದರೆ 1,500 ಅನ್ನೋದನ್ನು ಗೆರೆ ಎಳೆದ ಹಾಗೆ ತಗೋಬೇಡಿ. ಪಾಲಕ್ಕಾಡು ಕಣಿವೆಯಿಂದ ದಕ್ಷಿಣಕ್ಕೆ ಇದೇ ಹಕ್ಕಿ ಇನ್ನೂ ಕೆಳಗೆ, ಕೆಲವು ಕಡೆ ಸಾವಿರ ಮೀಟರ್‌ಗಿಂತ ಕೆಳಗೂ ಸಿಗುತ್ತೆ. ಎತ್ತರಕ್ಕಿಂತ ತೇವ, ನೆರಳು, ಪೊದೆ ಹಕ್ಕಿಗೆ ಮುಖ್ಯ ಇರಬಹುದಲ್ವಾ?

ಬಿಳಿಗಿರಿ_ಸಂಪಿಗೆ
ಇರಬಹುದು ಮೇಷ್ಟ್ರೇ, ಆದರೆ ಬಿಳಿಗಿರಿ ಕೆಳಭಾಗ ಒಣಕಾಡು. ಆ ತೇವ ಬೆಟ್ಟದ ತಲೆ ಮೇಲೆ ಮಾತ್ರ. ಫಲಿತಾಂಶ ಒಂದೇ ಆಯ್ತು.

ಕೆಳಗೆಲ್ಲ ಲಂಟಾನ ಕಳೆ ನುಂಗಿ ಹಾಕಿದೆ. ಇಲ್ಲಿನ ಆದಿವಾಸಿ ಸೋಲಿಗ ಹಿರಿಯರನ್ನು ಕೇಳಿ ನೋಡಿ. ಹಿಂದೆ ಅವರು ಚಳಿ ಮುಗಿಯುವ ಹೊತ್ತಿಗೆ ತರಗು ಬೆಂಕಿ ಹಾಕ್ತಿದ್ದರು. ಸಣ್ಣ ಬೆಂಕಿ, ತರಗು ಮಾತ್ರ ಸುಡುತ್ತೆ, ಲಂಟಾನ ಮೊಳಕೆ ಹೋಗುತ್ತೆ. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಹೆಚ್ಚಾಯ್ತು ಅಂತಾರೆ ಅವರು. 2011ರಲ್ಲಿ ಅವರಿಗೆ ಅರಣ್ಯ ಹಕ್ಕು ಸಿಕ್ಕಿತು, ಅದೇ ವರ್ಷ ಹುಲಿ ಮೀಸಲು ಪ್ರದೇಶವೂ ಆಯ್ತು. ಆ ಜನರ ಮಾತು ಕೇಳದೆ ಇಲ್ಲಿ ಯಾವ ಹಕ್ಕಿಯನ್ನೂ ಉಳಿಸೋಕಾಗಲ್ಲ.

ಹಕ್ಕಿಜಾಡು
ಒಣಕಾಡಿಗೆ ತರಗು ಬೆಂಕಿ ಸರಿ. ಶೋಲಾಕ್ಕೆ ಬೆಂಕಿ ನುಗ್ಗಿದರೆ ಈ ಹಕ್ಕಿ ಉಳಿಯಲ್ಲ, ಅದನ್ನೂ ಹೇಳಿ.

ಬಿಳಿಗಿರಿ_ಸಂಪಿಗೆ
ಶೋಲಾಕ್ಕೆ ಅವರು ಹಾಕೋದೂ ಇಲ್ಲ. ಎಲ್ಲಿ ಹಾಕಬೇಕು, ಎಲ್ಲಿ ಬೇಡ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಮಲೆಸೀಮೆ
ನೀಲಗಿರಿ ನೊಣಹಿಡುಕದ ಪರವಾಗಿ ಒಂದು ಮಾತು. ಇದು ಮನುಷ್ಯರ ಹತ್ತಿರ ಗೂಡು ಕಟ್ಟುವ ಹಕ್ಕಿ. ರಸ್ತೆ ಬದಿಯ ಮಣ್ಣಿನ ದರೆಯ ಪೊಟರೆ, ಮೋರಿ ಸೇತುವೆಯ ಕಲ್ಲಿನ ಸಂದು, ಇಂಥ ಕಡೆ. ಕೂನೂರಿನ ಹತ್ತಿರ ಒಂದು ಹಳೆಯ ಕಲ್ಲುಮೋರಿಯಲ್ಲಿ ಗೂಡು ನೋಡಿದ್ದೆ. ಪೂರ್ತಿ ಹಸಿ ಪಾಚಿಯ ಬಟ್ಟಲು. ಕಲ್ಲಿನ ಮೇಲೂ ಅದೇ ಪಾಚಿ, ಹಾಗಾಗಿ ತಾಯಿ ಹಕ್ಕಿ ಎದ್ದು ಹೋಗದಿದ್ದರೆ ಗೂಡು ಅಂತ ಗೊತ್ತೇ ಆಗ್ತಿರಲಿಲ್ಲ. ಮೇಲೆ ಲಾರಿ ಹೋದಾಗಲೆಲ್ಲ ಕಲ್ಲು ಅದುರುತ್ತಿತ್ತು, ಹಕ್ಕಿ ಮಾತ್ರ ಕದಲಲಿಲ್ಲ.

ಈಗ ಆ ರಸ್ತೆ ಅಗಲ ಮಾಡಿದ್ದಾರೆ. ದರೆಗೆ ಕಾಂಕ್ರೀಟ್ ಗೋಡೆ, ಮೋರಿಗೆ ಸಿಮೆಂಟ್ ಪೈಪು. ಪೊಟರೆ ಎಲ್ಲಿ, ಸಂದು ಎಲ್ಲಿ? 'ಹೊಂದಿಕೊಳ್ಳುವ ಹಕ್ಕಿ' ಅಂತ ಎಲ್ಲರೂ ಅದನ್ನು ಮರೆತುಬಿಡ್ತೀವಿ. ಅದಕ್ಕೂ ಒಂದು ಮಿತಿ ಇದೆ.

ಊಟಿ_ಮಂಜು
ಇದು ಅಕ್ಷರಶಃ ನಿಜ. ಘಾಟಿ ರಸ್ತೆಯಲ್ಲಿ ದರೆ ಕುಸಿದ ಕಡೆಯೆಲ್ಲ ಈಗ ಗೋಡೆ. ಕುಸಿತ ತಡೆಯೋಕೆ ಬೇರೆ ದಾರಿಯೂ ಕಾಣಲ್ಲ, ಜನ ಸಾಯ್ತಾರೆ. ಆದರೆ ಗೋಡೆಯಲ್ಲಿ ಸ್ವಲ್ಪ ತೂತು ಬಿಡೋಕೆ ಏನು ಕಷ್ಟ?

ಕ್ಯಾಮೆರಾ_ಕಣ್ಣು
ಗೋಡೆಯಲ್ಲಿ ನೀರು ಹೋಗೋಕೆ ಪೈಪು ಬಿಟ್ಟೇ ಇರ್ತಾರೆ. ಅದರಲ್ಲಿ ಹಕ್ಕಿ ಗೂಡು ಕಟ್ಟಲ್ವಾ?

ಮಲೆಸೀಮೆ
ಮಳೆ ಬಂದರೆ ಆ ಪೈಪಲ್ಲಿ ನೀರು ಸುರಿಯುತ್ತೆ ಸ್ವಾಮಿ. ಇವು ಗೂಡು ಕಟ್ಟೋದು ಫೆಬ್ರವರಿಯಿಂದ ಜೂನ್ ಒಳಗೆ. ಏಪ್ರಿಲ್-ಮೇ ಮಳೆ ಬಿದ್ದರೆ ಮೊಟ್ಟೆ ಕೊಚ್ಚಿಕೊಂಡು ಹೋಗುತ್ತೆ.

ಹುಲ್ಲುಬೆಟ್ಟ
ವ್ಯಾಟಲ್ ವಿಷಯ ಯಾರೂ ಬಿಡಿಸಿ ಹೇಳಲಿಲ್ಲ. ಶೋಲಾ ಅಂದ ಕೂಡಲೇ ಎಲ್ಲರ ಕಣ್ಣು ಮರದ ಮೇಲೆ. ಪಳನಿ ಬೆಟ್ಟದಲ್ಲಿ ನಾಲ್ಕು ದಶಕದಲ್ಲಿ ಮೂರರಲ್ಲಿ ಎರಡು ಪಾಲು ಹುಲ್ಲುಗಾವಲು ಹೋಗಿದೆ, 2018ರಲ್ಲಿ ಪ್ರಕಟವಾದ ಅಧ್ಯಯನ ಅದು. ವ್ಯಾಟಲ್, ಪೈನ್, ನೀಲಗಿರಿ ಮರದ ತೋಪು ಮತ್ತು ಕೃಷಿ ಅದನ್ನು ತಿಂದವು. ಆ ಹುಲ್ಲಿನ ಹಕ್ಕಿ ನೀಲಗಿರಿ ಪಿಪಿಟ್ ಈಗ 'ವಲ್ನರಬಲ್'. ನೊಣಹಿಡುಕಗಳಿಗೆ ಅಷ್ಟು ಪೆಟ್ಟು ಬಿದ್ದಿಲ್ಲ, ಯಾಕೆಂದರೆ ಅವು ಹುಲ್ಲಲ್ಲಿ ಇರಲೇ ಇಲ್ಲ. ನಿಮ್ಮ ಕಾಳಜಿಗೆ ನನ್ನ ವಿರೋಧ ಇಲ್ಲ, ಆದರೆ ಮೊದಲು ಅಳಬೇಕಾದ್ದು ಪಿಪಿಟ್‌ಗೆ.

ಹಕ್ಕಿಜಾಡು
ಪಿಪಿಟ್‌ಗೆ ಅಳೋಣ, ಖಂಡಿತ. ಅದಕ್ಕೋಸ್ಕರ ಇವನ್ನು ಬಿಡಬೇಕು ಅಂತ ಎಲ್ಲಿದೆ? ಒಂದೇ ಬೆಟ್ಟ, ಹುಲ್ಲು ಒಣಗಿದರೆ ಹಳ್ಳ ಒಣಗುತ್ತೆ, ಹಳ್ಳ ಒಣಗಿದರೆ ಶೋಲಾ ಒಣಗುತ್ತೆ.

ಊಟಿ_ಮಂಜು
@ಹುಲ್ಲುಬೆಟ್ಟ ಅಣ್ಣಾ, ವ್ಯಾಟಲ್ ಎಲ್ಲಾ ಕಿತ್ತು ಹಾಕಿ ಅನ್ನೋದು ಕೂಡ ಅಷ್ಟು ಸುಲಭ ಇಲ್ಲ. ಹಳೆಯ ವ್ಯಾಟಲ್ ತೋಪಿನ ನೆರಳಲ್ಲಿ ಎಷ್ಟೋ ಕಡೆ ಶೋಲಾ ಸಸಿಗಳು ಎದ್ದಿವೆ. ಕೊಡೈಕನಾಲ್ ಕಡೆಯೂ ಹೀಗೇ ಆಗಿದೆ. ಅಂಥ ಕಡೆ ಕೆಳಗಿನ ಗಿಡ ದಟ್ಟವಾಗಿದ್ದರೆ ಕಪ್ಪು-ಕಿತ್ತಳೆ ಬಂದು ಸೇರಿಕೊಳ್ಳುತ್ತೆ. ಜೆಸಿಬಿ ತಂದು ಒಂದೇ ಸಲ ಬೋಳಿಸಿದರೆ ಮರದ ಜೊತೆ ಆ ಸಸಿಗಳೂ ಹಕ್ಕಿಯೂ ಹೋಗುತ್ತವೆ. ಆಮೇಲೆ ಆ ಬಯಲಲ್ಲಿ ಮೊದಲು ಏಳೋದು ಮತ್ತೆ ವ್ಯಾಟಲ್ ಮೊಳಕೆಯೇ.

ಹುಲ್ಲುಬೆಟ್ಟ
ಹುಲ್ಲುಗಾವಲಿಗೆ ಹೊಸದಾಗಿ ನುಗ್ಗಿದ ಎಳೆಯ ವ್ಯಾಟಲ್ ತೆಗೀಲೇಬೇಕು. ಹಳೆ ತೋಪು ಸಸಿ ಎದ್ದಿರುವ ಕಡೆ ನಿಧಾನ ಮಾಡಿ, ಒಪ್ಪಿದೆ. ಆದರೆ ಈ 'ನಿಧಾನ' ಅನ್ನೋ ಮಾತನ್ನೇ ಹಿಡಿದು ಇಪ್ಪತ್ತು ವರ್ಷ ಕೈಕಟ್ಟಿ ಕೂರೋದು ನನಗೆ ಬೇಡ.

ಕಾಫಿಗಿಡ
ನಾನು ಕೇಳಿದ್ದು ಎರಡು ಹಕ್ಕಿ, ಈಗ ಇಡೀ ಬೆಟ್ಟ ಬಂತು. ಇರಲಿ, ಬರಲಿ. ಒಂದು ಸಣ್ಣ ಪ್ರಶ್ನೆ: ನೊಣಹಿಡುಕಗಳಲ್ಲಿ ನಿಜವಾಗಿ ಅಪಾಯದ ಪಟ್ಟಿಯಲ್ಲಿ ಇರುವುದು ನಮ್ಮ ಕಡೆ ಯಾವುದಾದರೂ ಇದೆಯಾ?

ಲೆಕ್ಕದ_ಮೇಷ್ಟ್ರು
ಇದೆ. ಕಾಶ್ಮೀರ ನೊಣಹಿಡುಕ, 'ವಲ್ನರಬಲ್'. ಮರಿ ಮಾಡೋದು ಕಾಶ್ಮೀರ, ಪೀರ್ ಪಂಜಾಲ್ ಕಡೆಯ ಕಾಡಿನಲ್ಲಿ, ಚಳಿ ಕಳೆಯೋದು ಮುಖ್ಯವಾಗಿ ಶ್ರೀಲಂಕಾದ ಬೆಟ್ಟಗಳಲ್ಲಿ, ಸ್ವಲ್ಪ ನೀಲಗಿರಿಯಲ್ಲಿ. ಗಂಡಿನ ಎದೆ ಕಿತ್ತಳೆಗೆಂಪು, ಆ ಕೆಂಪಿನ ಅಂಚಿಗೆ ಕಪ್ಪು ಗೆರೆ. ಬೆಂಗಳೂರಿಗೆ ಚಳಿಗಾಲದಲ್ಲಿ ಬರುವ ಕೆಂಪುಗೊರಳಿನ ನೊಣಹಿಡುಕಕ್ಕೆ ಆ ಕಪ್ಪು ಗೆರೆ ಇರಲ್ಲ.

ಇನ್ನೂ ಹತ್ತಿರದ್ದು ಬೇಕಾದರೆ ಶೋಲಾದ ಇನ್ನೊಂದು ಹಕ್ಕಿ, ನೀಲಗಿರಿ ಶೋಲಾಕಿಳಿ. ಅದೂ ಇದೇ ಕುಟುಂಬ. 2017ರಲ್ಲಿ ಶೋಲಾಕಿಳಿಗಳಿಗೆ 'ಶೋಲಿಕೋಲಾ' ಅಂತ ಹೊಸ ಕುಲವನ್ನೇ ಮಾಡಿದರು. ನೀಲಗಿರಿ ಶೋಲಾಕಿಳಿ 'ಎನ್‌ಡೇಂಜರ್ಡ್', ಅಂದರೆ 'ವಲ್ನರಬಲ್'ಗಿಂತ ಹೆಚ್ಚಿನ ಅಪಾಯ. ಬಾಬಾಬುಡನ್‌ಗಿರಿ, ಬಿಳಿಗಿರಿ ಎರಡೂ ಕಡೆ ಇದೆ.

ಗಮನಿಸಿ, ಶೋಲಾಕಿಳಿಯೂ ನೆಲದ ಹತ್ತಿರ, ಪೊದೆಯೊಳಗೆ ಬದುಕೋದು. ಕಪ್ಪು-ಕಿತ್ತಳೆ ಇರುವ ಅದೇ ಜಾಗ.

ಹಕ್ಕಿಜಾಡು
ನನ್ನ ವಾದಕ್ಕೆ ಇನ್ನೊಂದು ಸಾಕ್ಷಿ. ಪೊದೆ ಹೋದರೆ ಎರಡಕ್ಕೂ ಕಷ್ಟ.

ಬೆಂಗ್ಳೂರ್_ಬರ್ಡರ್
ಕಪ್ಪು-ಕಿತ್ತಳೆಗೆ ಊಟಿಯಲ್ಲಿ ಕಾಲ್ (ರೆಕಾರ್ಡ್ ಮಾಡಿದ ಅದರದೇ ಕೂಗು) ಹಾಕಿದರೆ ಸುಲಭವಾಗಿ ಬರುತ್ತೆ ಅಂತ ಗೈಡ್ ಒಬ್ಬರು ಹೇಳಿದ್ರು. ಮೇನಲ್ಲಿ ಹೋಗೋ ಪ್ಲ್ಯಾನ್ ಇದೆ.

ಊಟಿ_ಮಂಜು
ದಯವಿಟ್ಟು ಹಾಕಬೇಡಿ. ಮಾರ್ಚ್‌ನಿಂದ ಜೂನ್ ತನಕ ಅದು ಮರಿ ಮಾಡುವ ಸಮಯ. ಗೂಡು ಒಣಗಿದೆಲೆ, ಹುಲ್ಲಿನ ಉಂಡೆ. ಜರೀಗಿಡ, ಪೊದೆಗಳ ನಡುವೆ ನೆಲದಿಂದ ಕೈಗೆಟುಕುವಷ್ಟು ಎತ್ತರದಲ್ಲೇ ಇರುತ್ತೆ. ಸಾಮಾನ್ಯವಾಗಿ ಎರಡೇ ಮೊಟ್ಟೆ. ನೀವು ಮೊಬೈಲಲ್ಲಿ ಕೂಗು ಹಾಕಿದರೆ ಬೇರೆ ಗಂಡು ಬಂತು ಅಂತ ಅದು ಗೂಡು ಬಿಟ್ಟು ಓಡಿ ಬರುತ್ತೆ. ನಿಮ್ಮ ಹಿಂದೆ ಇನ್ನೊಂದು ಗುಂಪು, ಅದರ ಹಿಂದೆ ಇನ್ನೊಂದು. ದಿನವಿಡೀ ಅದೇ ಜಾಗ, ಅದೇ ಹಕ್ಕಿ. ಹತ್ತಿರದಿಂದ ಫೋಟೋ ತೆಗೆಯೋಕೆ ಪೊದೆ ಮುರಿದು ದಾರಿ ಮಾಡಿದ್ದನ್ನೂ ಕಣ್ಣಾರೆ ನೋಡಿದ್ದೀನಿ.

ಕ್ಯಾಮೆರಾ_ಕಣ್ಣು
ಎಲ್ಲಾ ಫೋಟೋಗ್ರಾಫರ್‌ಗಳೂ ಹಾಗೆ ಮಾಡಲ್ಲ. ನಾವು ಹಾಕಿದ ಫೋಟೋ ನೋಡಿಯೇ ಎಷ್ಟೋ ಜನಕ್ಕೆ ಈ ಹಕ್ಕಿ ಇದೆ ಅಂತ ಗೊತ್ತಾಗೋದು. ಒಂದು ಹಕ್ಕಿಯನ್ನು ಯಾರೂ ನೋಡದಿದ್ದರೆ ಅದರ ಪರ ಯಾರು ಮಾತಾಡ್ತಾರೆ?

ಊಟಿ_ಮಂಜು
ಫೋಟೋ ಬೇಡ ಅಂದಿಲ್ಲ. ಕಾಲ್ ಬೇಡ, ಪೊದೆ ಮುರಿಯಬೇಡಿ. ಈ ಹಕ್ಕಿಗೆ ಮನುಷ್ಯರ ಹೆದರಿಕೆ ಕಡಿಮೆ, ತಾಳ್ಮೆಯಿಂದ ಕೂತರೆ ಅದೇ ಹತ್ತಿರ ಬರುತ್ತೆ ಅಂತ ನೀವೇ ಮೇಲೆ ಹೇಳಿದ್ದೀರಿ.

ಕ್ಯಾಮೆರಾ_ಕಣ್ಣು
ಅದು ಸರಿ. ಮರಿ ಮಾಡುವ ಕಾಲದಲ್ಲಿ ಕಾಲ್ ಹಾಕೋದನ್ನು ನಾನೂ ಒಪ್ಪಲ್ಲ.

ಮಲೆಸೀಮೆ
@ಬೆಂಗ್ಳೂರ್_ಬರ್ಡರ್, ಮೇನಲ್ಲಿ ಹೋಗೋದಾದರೆ ಎಂಡೆಮಿಕ್ ಬರ್ಡ್ ಡೇ (ಒಂದು ಪ್ರದೇಶಕ್ಕೆ ಮಾತ್ರ ಸೀಮಿತವಾದ ಹಕ್ಕಿಗಳನ್ನು ನೋಡಿ ದಾಖಲಿಸುವ ದಿನ) ನೋಡಿಕೊಂಡು ಹೋಗಿ. ನೋಡಿದ ಹಕ್ಕಿಗಳನ್ನು ಇ-ಬರ್ಡ್‌ಗೆ (ಜನರು ತಾವು ನೋಡಿದ ಹಕ್ಕಿಗಳ ಪಟ್ಟಿ ಹಾಕುವ ಜಾಲತಾಣ) ಹಾಕಿ, ಲೆಕ್ಕಕ್ಕೆ ಬರುತ್ತೆ.

ಲೆಕ್ಕದ_ಮೇಷ್ಟ್ರು
ಇ-ಬರ್ಡ್ ಮಾತು ಬಂತಲ್ಲ, ಇದನ್ನೂ ಹೇಳಿಬಿಡ್ತೀನಿ. 2020ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ ಇಂಥ ಜನರ ಪಟ್ಟಿಗಳಿಂದಲೇ ಆದದ್ದು. ಪಶ್ಚಿಮಘಟ್ಟಕ್ಕೆ ಮಾತ್ರ ಸೀಮಿತವಾದ 12 ಜಾತಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, 2000ದಿಂದ ಈಚೆಗೆ ಅವುಗಳ ಸೂಚ್ಯಂಕ ಸುಮಾರು 75% ಇಳಿದಿದೆ ಅಂತ ಅದರಲ್ಲಿದೆ. ಅದು ಒಟ್ಟು ಗುಂಪಿನ ಅಂಕಿ. ನಮ್ಮ ಈ ಎರಡು ಹಕ್ಕಿಗೂ ಅಷ್ಟೇ ಅಂತ ಯಾರೂ ಓದಿಕೊಳ್ಳಬಾರದು. ಆದರೆ ಕೆಂಪುಪಟ್ಟಿಯಲ್ಲಿ 'ಲೀಸ್ಟ್ ಕನ್ಸರ್ನ್'ನ ಹಸಿರು ಬಣ್ಣ ಕಂಡ ಕೂಡಲೇ ನಿದ್ದೆ ಮಾಡುವ ಹಾಗಿಲ್ಲ.

ಹುಲ್ಲುಬೆಟ್ಟ
ಮೇಷ್ಟ್ರೇ, ಇ-ಬರ್ಡ್ ಪಟ್ಟಿಗಳು ಎಲ್ಲಾ ರಸ್ತೆ ಪಕ್ಕದ್ದೇ. ನೀಲಗಿರಿ ನೊಣಹಿಡುಕ ರಸ್ತೆ ಬದಿ ಹಕ್ಕಿ, ಎಲ್ಲರ ಪಟ್ಟಿಗೂ ಬರುತ್ತೆ. ಕಪ್ಪು-ಕಿತ್ತಳೆ ಕಾಡೊಳಗಿನದು, ಕೂಗು ಸಣ್ಣ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಹೇಗೆ?

ಲೆಕ್ಕದ_ಮೇಷ್ಟ್ರು
ಅದಕ್ಕೇ ಒಂದು ಹಕ್ಕಿಯನ್ನು ಇನ್ನೊಂದರ ಜೊತೆ ಹೋಲಿಸೋದಕ್ಕಿಂತ, ಅದೇ ಹಕ್ಕಿಯನ್ನು ಅದೇ ಜಾಗದಲ್ಲಿ ವರ್ಷ ವರ್ಷ ಹೋಲಿಸಬೇಕು. ನೋಡದೇ ಇದ್ದದ್ದೂ ಲೆಕ್ಕವೇ, ಹಾಗಾಗಿ ಪೂರ್ತಿ ಪಟ್ಟಿ ಹಾಕಿ. ಟಿಪ್ಪಣಿಯಲ್ಲಿ ಎರಡು ಸಾಲು ಬರೆಯಿರಿ: ಹಕ್ಕಿ ನೆಲದಿಂದ ಎಷ್ಟು ಎತ್ತರದಲ್ಲಿತ್ತು, ಕೆಳಗಿನ ಪೊದೆ ಹೇಗಿತ್ತು. ಊಟಿ_ಮಂಜು ಅವರು ಹೇಳಿದಂಥ 'ಕ್ಲೀನ್' ಮಾಡಿದ ಕಾಡು ಉಪಗ್ರಹಕ್ಕೆ ಕಾಣಲ್ಲ, ನಿಮ್ಮ ಟಿಪ್ಪಣಿಯಲ್ಲಿ ಕಾಣುತ್ತೆ.

ಬಿಳಿಗಿರಿ_ಸಂಪಿಗೆ
ಬಿಳಿಗಿರಿ ಮೇಲ್ಭಾಗಕ್ಕೆ ಇಲಾಖೆ ಅನುಮತಿ ಬೇಕು, ಯಾರೆಂದರೆ ಅವರು ಹೋಗೋಕಾಗಲ್ಲ. ಸೋಲಿಗ ಹುಡುಗರು ಕೆಲವರು ಹಕ್ಕಿ ಗುರುತಿಸುವುದರಲ್ಲಿ ನಮ್ಮೆಲ್ಲರಿಗಿಂತ ಚುರುಕು. ಅವರ ಜೊತೆ ಮಾತಾಡಿ ನೋಡ್ತೀನಿ.

ಕಾಫಿಗಿಡ
ಹಾಗಾದರೆ ಬ್ರಹ್ಮಗಿರಿ ಕಡೆಯದ್ದು ನಾನು ನೋಡ್ಕೋತೀನಿ. ಕಪ್ಪು-ಕಿತ್ತಳೆ ಅನ್ನೋರು ಜಾಸ್ತಿ ಇದ್ದೀರಿ, ನನಗೂ ಈಗ ಹಾಗೇ ಅನಿಸ್ತಿದೆ. @ಮಲೆಸೀಮೆ, ಮೋರಿ ಗೂಡುಗಳನ್ನು ಯಾವ ತಿಂಗಳಲ್ಲಿ ನೋಡಿದರೆ ಒಳ್ಳೇದು?

ಮಲೆಸೀಮೆ
ಏಪ್ರಿಲ್. ದೂರದಿಂದ ನೋಡಿ, ಟಾರ್ಚ್ ಬಿಡಬೇಡಿ. ಕೊಡಗಿನಲ್ಲಿ ಹಳೆಯ ಕಲ್ಲುಮೋರಿ ಎಲ್ಲೆಲ್ಲಿ ಉಳಿದಿವೆ ಅಂತ ಪಟ್ಟಿ ಇದ್ದರೆ ಹಾಕಿ, ರಸ್ತೆ ಕೆಲಸ ಶುರುವಾಗೋ ಮೊದಲು ಅವನ್ನು ಒಮ್ಮೆ ನೋಡಿಬಿಡೋಣ.